ನಷ್ಟ: ಕಾಣದಾದದ್ದು, ಇಲ್ಲವಾದದ್ದಲ್ಲ

ನಾಗರಪಂಚಮಿಯ ಜೋಕಾಲಿಯಲ್ಲಿ ಕೂತು, ಜೀಕುವುದನ್ನು ನಿಲ್ಲಿಸಿ ನೋಡಿ. ಕೆಳಗಿಳಿಯುವಾಗ ಎತ್ತರವೆಲ್ಲ ವೇಗವಾಗುತ್ತದೆ, ಏರುವಾಗ ವೇಗವೆಲ್ಲ ಮತ್ತೆ ಎತ್ತರವಾಗುತ್ತದೆ. ಆದರೂ ಸಲದಿಂದ ಸಲಕ್ಕೆ ಏರಿಕೆ ತುಸು ತಗ್ಗುತ್ತ ಕೊನೆಗೆ ಹಲಗೆ ನಿಂತೇಹೋಗುತ್ತದೆ. ಇದನ್ನು ಶಾಲೆಯಲ್ಲಿ ‘ಘರ್ಷಣೆಯಿಂದಾದ ಶಕ್ತಿನಷ್ಟ’ ಎಂದು ಕಲಿಸುತ್ತೇವೆ. ಶಕ್ತಿಗೆ ನಾಶವಿಲ್ಲ ಎಂದೂ ಕಲಿಸುತ್ತೇವೆ. ನಾಶವಿಲ್ಲ, ಆದರೆ ನಷ್ಟವುಂಟು! ಇದು ಹೇಗೆ ಎಂದು ಮಗು ಕೇಳಿದರೆ ಗದರಬೇಡಿ. ನಾಶ, ನಷ್ಟ ಎರಡೂ ಒಂದೇ ಧಾತುವಿನಿಂದ ಹುಟ್ಟಿದವು.

ಆ ಧಾತು ‘ನಶ್’. ಪಾಣಿನೀಯ ಧಾತುಪಾಠ ಅದಕ್ಕೆ ಹೇಳುವ ಅರ್ಥ ‘ಅದರ್ಶನ’, ಅಂದರೆ ಕಾಣದಾಗುವುದು. ನಮ್ಮ ಲೋಪಸಂಧಿಯ ‘ಲೋಪ’ಕ್ಕೂ ಪಾಣಿನಿ ಕೊಟ್ಟ ಲಕ್ಷಣ ಇದೇ ಅದರ್ಶನ. ‘ಊರು’, ‘ಅಲ್ಲಿ’ ಸೇರಿ ‘ಊರಲ್ಲಿ’ ಆದಾಗ ಉಕಾರ ಕಣ್ಮರೆಯಾಗುತ್ತದೆ. ಪದ ಬಿಡಿಸಿದರೆ ಮತ್ತೆ ಸಿಗುತ್ತದೆ.

ಛಂದಶ್ಶಾಸ್ತ್ರದಲ್ಲಿ ಈ ಪದಕ್ಕೆ ಇನ್ನೂ ಸೊಗಸಾದ ಬದುಕಿದೆ. ಪಿಂಗಲನ ಪರಂಪರೆಯ ಆರು ಪ್ರತ್ಯಯಗಳಲ್ಲಿ, ಅಂದರೆ ಲೆಕ್ಕದ ವಿಧಾನಗಳಲ್ಲಿ, ಒಂದರ ಹೆಸರೇ ‘ನಷ್ಟ’. ಗುರುಲಘುಗಳ ಎಲ್ಲ ಜೋಡಣೆಗಳನ್ನು ಸಾಲುಸಾಲಾಗಿ ಬರೆದ ಪ್ರಸ್ತಾರದಲ್ಲಿ ಒಂದು ಸಾಲು ಅಳಿಸಿಹೋಗಿದೆ ಎನ್ನಿ. ಅದು ಎಷ್ಟನೆಯದೆಂದು ತಿಳಿದರೆ ಸಾಕು, ಸಾಲನ್ನು ಮರಳಿ ಬರೆಯಬಹುದು. ಸಂಖ್ಯೆ ಸಮವಾದರೆ ಲಘು ಬರೆದು ಅರ್ಧಮಾಡಿ. ಬೆಸವಾದರೆ ಗುರು ಬರೆದು, ಒಂದು ಕೂಡಿಸಿ ಅರ್ಧಮಾಡಿ. ಮೂರಕ್ಷರದ ಪ್ರಸ್ತಾರದ 6ನೆಯ ಸಾಲು ಬೇಕೇ? 6 ಸಮ, ಲಘು. ಉಳಿದ 3 ಬೆಸ, ಗುರು. ಮುಂದಿನ 2 ಸಮ, ಲಘು. ಲಘು-ಗುರು-ಲಘು, ಜಗಣ ಸಿಕ್ಕಿತು! ವರಾಹಮಿಹಿರನ ಬೃಹಜ್ಜಾತಕದಲ್ಲಿ ‘ನಷ್ಟಜಾತಕ’ದ ಅಧ್ಯಾಯವೇ ಇದೆ, ಹುಟ್ಟಿದ ಹೊತ್ತು ತಿಳಿಯದವರ ಜಾತಕವನ್ನು ಕಟ್ಟುವ ಬಗೆ ಅದು. ಜಾತಕದ ಫಲಗಳಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಅಲ್ಲಿಯೂ ನಷ್ಟವೆಂದರೆ ಲೆಕ್ಕಹಾಕಿ ಹುಡುಕಬೇಕಾದದ್ದು ಎಂಬುದನ್ನು ಗಮನಿಸಬೇಕು. ಲಾಭನಷ್ಟದ ಖಾತೆಗೆ, ನಷ್ಟಪರಿಹಾರದ ಅರ್ಜಿಗೆ ಇಳಿದ ಮೇಲೆ ಪದದ ಈ ಅರ್ಥ ನಮಗೆ ಮರೆತುಹೋಯಿತು.

ಜೋಕಾಲಿಯ ನಷ್ಟವನ್ನೂ ಹೀಗೆಯೇ ಹುಡುಕಿದರು. ಮ್ಯೂನಿಕ್‌ನಲ್ಲಿ ಫಿರಂಗಿಯ ನಳಿಕೆ ಕೊರೆಸುತ್ತಿದ್ದ ರಮ್‌ಫರ್ಡ್, ಕುದುರೆಗಳು ತಿರುಗಿಸುವ ಲೋಹಕ್ಕೆ ಒತ್ತಿದ ಮೊಂಡು ಬೈರಿಗೆಯ ತಿಕ್ಕಾಟಕ್ಕೇ ಎರಡೂವರೆ ಗಂಟೆಯಲ್ಲಿ ನೀರು ಕುದಿದದ್ದನ್ನು 1798ರಲ್ಲಿ ವರದಿಮಾಡಿದ. ಬೆಂಕಿಯೇ ಇರಲಿಲ್ಲ. ಮುಂದೆ ಜೂಲ್, ಬೀಳುವ ತೂಕಗಳಿಂದ ನೀರಿನೊಳಗೆ ರೆಕ್ಕೆಚಕ್ರ ತಿರುಗಿಸಿ, ಎಷ್ಟು ಇಳಿತಕ್ಕೆ ಎಷ್ಟು ಬಿಸಿ ಎಂದು ಅಳೆದ. ಇಂದಿನ ಲೆಕ್ಕದಲ್ಲಿ ನೀರು ಸುಮಾರು 427 ಮೀಟರ್ ಬಿದ್ದರೆ ಒಂದು ಡಿಗ್ರಿ ಸೆಲ್ಸಿಯಸ್ ಬೆಚ್ಚಗಾಗಬೇಕು. ನಯಾಗರದ ಬುಡದ ನೀರು ಮೇಲಿನದಕ್ಕಿಂತ ತುಸು ಬೆಚ್ಚಗಿದ್ದೀತೆಂದು ಜೂಲ್ ಊಹಿಸಿದ್ದ. ನಮ್ಮ ಜೋಗ 253 ಮೀಟರ್. ಅಲ್ಲಿ ಸುಮಾರು 0.6 ಡಿಗ್ರಿ ಆಗಬೇಕು. ನೀರು ತುಂತುರಾಗಿ, ಆವಿಯಾಗಿ ತಂಪಾಗುವುದರಿಂದ ಥರ್ಮಾಮೀಟರು ಅಷ್ಟನ್ನು ತೋರಿಸಲಿಕ್ಕಿಲ್ಲ. ಆದರೂ ಧುಮುಕುವ ಶರಾವತಿಯ ಆ ರಭಸ ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಉತ್ತರವಿದೆ. ಜೋಕಾಲಿಯಲ್ಲಿಯೂ ಅಷ್ಟೆ: ಹಗ್ಗ ಕೊಂಬೆಗೆ ಉಜ್ಜಿದಲ್ಲಿ, ಮೈ ಗಾಳಿಯನ್ನು ಸೀಳಿದಲ್ಲಿ, ಕೈಗೆ ತಿಳಿಯದಷ್ಟು ಸಣ್ಣ ಬಿಸಿಯಾಗಿ ಆ ಶಕ್ತಿ ಉಳಿದಿದೆ.

ಒಂದು ವ್ಯತ್ಯಾಸವನ್ನು ಮಾತ್ರ ಮುಚ್ಚಿಡಬಾರದು. ಛಂದಸ್ಸಿನ ನಷ್ಟವನ್ನು ಮರಳಿ ಬರೆಯಬಹುದು. ಗಾಳಿಗೆ ಚದುರಿದ ಬಿಸಿ ತಾನಾಗಿ ಒಟ್ಟುಗೂಡಿ ಹಲಗೆಯನ್ನು ಮತ್ತೆ ತೂಗುವುದಿಲ್ಲ. ಮುಂದೆ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1852ರಲ್ಲಿ ಬರೆದದ್ದು ಯಾಂತ್ರಿಕ ಶಕ್ತಿಯ ಈ ಚದುರುವಿಕೆಯ ಬಗ್ಗೆಯೇ. ಜೋಕಾಲಿಯ ನಷ್ಟ ಲೆಕ್ಕಕ್ಕೆ ಸಿಗುತ್ತದೆ, ಕೆಲಸಕ್ಕೆ ಸಿಗುವುದಿಲ್ಲ. ಹಾಗಾಗಿ ‘ಶಕ್ತಿನಷ್ಟ’ ತಪ್ಪು ಪದವಲ್ಲ. ಇದಕ್ಕಿಂತ ಒಪ್ಪುವ ಪದ ನನಗಂತೂ ತೋಚುವುದಿಲ್ಲ.

ವಿಜ್ಞಾನ ಕಲಿಸುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ವಿನಂತಿ. ಆ ಪದವನ್ನು ಬೋರ್ಡಿನ ಮೇಲೆ ಬರೆದ ದಿನ ಅದರ ಹಳೆಯ ಅರ್ಥವನ್ನೂ ಹೇಳಿ. ಆಮೇಲೆ ಮಕ್ಕಳಿಗೆ ಅಂಗೈ ಅಂಗೈ ತಿಕ್ಕಿ ಕೆನ್ನೆಗೆ ಇಟ್ಟುಕೊಳ್ಳಲು ಹೇಳಿ.