ಕನ್ನಡದ ಪತ್ತೇದಾರ ಪ್ರಾಣಿಗಳು ಎಲ್ಲಿ?

ಜಯನಗರ ನಾಲ್ಕನೇ ಬ್ಲಾಕಿನ ಸುತ್ತಮುತ್ತಲ ಪುಸ್ತಕದಂಗಡಿಗಳಲ್ಲಿ ಮಕ್ಕಳ ಕಪಾಟು ನೋಡಿದವರಿಗೆ ಒಂದು ವ್ಯತ್ಯಾಸ ಕಣ್ಣಿಗೆ ಬೀಳದೆ ಇರದು. ಇಟಲಿಯಿಂದ ಇಂಗ್ಲಿಷಿಗೆ ಬಂದ ಇಲಿ ಜೆರೊನಿಮೊ ಸ್ಟಿಲ್ಟನ್ ದೇಶ ಸುತ್ತಿ ಗುಟ್ಟು ರಟ್ಟು ಮಾಡುತ್ತಿದ್ದಾನೆ. ಕನ್ನಡದ ಇಲಿ ಇನ್ನೂ ಸಿಂಹದ ಬಲೆ ಕಡಿಯುತ್ತಲೇ ಇದೆ. ಇದನ್ನೇ ಹಿಡಿದು, ಪ್ರಾಣಿ ಪತ್ತೇದಾರಿ ನಮ್ಮದಲ್ಲ, ಆಮದು ಸರಕು ಎನ್ನುವುದು ಈಗಿನ ಗೋಷ್ಠಿಗಳ ವಾಡಿಕೆ. ಈ ಮಾತು ಹೇಳುವವರು ಪಂಚತಂತ್ರದ ಪಯಣವನ್ನು ಪೂರ್ತಿ ಬಲ್ಲವರಲ್ಲ.

ಈ ಬಗೆಯ ಕಥೆಯ ವಿದೇಶಯಾತ್ರೆ ಹೊರಟದ್ದೇ ನಮ್ಮ ನೆಲದಿಂದ. ಆರನೆಯ ಶತಮಾನದಲ್ಲಿ ಬುರ್ಜೋಯ್ ಎಂಬ ವೈದ್ಯ ಪಂಚತಂತ್ರವನ್ನು ಪರ್ಷಿಯಾಕ್ಕೆ ಒಯ್ದ. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್‌ಮುಕಫ್ಫಾ ಅರಬ್ಬಿಗೆ ತಂದ. ಸಂಸ್ಕೃತದಲ್ಲಿ ದಮನಕನೆಂಬ ನರಿ ಚಾಡಿ ಹೇಳಿ, ಎತ್ತು ಸಂಜೀವಕನನ್ನು ಸಿಂಹದ ಕೈಲಿ ಕೊಲ್ಲಿಸಿ, ಮಂತ್ರಿಯಾಗಿ ಮೆರೆಯುತ್ತದೆ. ಅರಬ್ಬಿಯಲ್ಲಿ ಹೊಸ ಅಧ್ಯಾಯವೇ ಸೇರಿತು. ರಾತ್ರಿ ಈ ನರಿಯೂ ಅದರ ಜೊತೆಗಾರ ನರಿಯೂ ಆಡಿದ ಮಾತು ಚಿರತೆಯ ಕಿವಿಗೆ ಬೀಳುತ್ತದೆ. ಅದು ಸಿಂಹದ ತಾಯಿಗೆ ತಿಳಿಸುತ್ತದೆ. ವಿಚಾರಣೆ ನಡೆದು, ಸೆರೆಯಲ್ಲಿದ್ದ ಮತ್ತೊಂದು ಪ್ರಾಣಿ ಎರಡನೇ ಸಾಕ್ಷಿ ನುಡಿದ ಮೇಲೆ ನರಿಗೆ ಶಿಕ್ಷೆ. ಪತ್ತೇದಾರಿಗೆ ಇನ್ನೇನು ಬೇಕು? ಸುಮಾರು 1031ರಲ್ಲಿ ಪಂಚತಂತ್ರವನ್ನು ಕನ್ನಡಿಸಿದ ದುರ್ಗಸಿಂಹನೂ ಚಾಲುಕ್ಯರ ಸಂಧಿವಿಗ್ರಹಿ, ಅರಮನೆಯ ಒಳಗುಟ್ಟು ಬಲ್ಲವ. ಇಂಥ ಕಥೆಯನ್ನು ನೀತಿಪಾಠಕ್ಕೆ ಇಳಿಸಿದ್ದು ನಮ್ಮ ಶಾಲೆ.

ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಕುವೆಂಪು ಕಿಂದರಿಜೋಗಿಯನ್ನು ಬೊಮ್ಮನಹಳ್ಳಿಗೆ ಕರೆತಂದರು, ಕಾರಂತರು ಬಾಲಪ್ರಪಂಚ ಬರೆದರು. ಎಲ್ಲವೂ ದೊಡ್ಡ ಕೆಲಸಗಳೇ, ಪತ್ತೇದಾರಿ ಮಾತ್ರ ಇರಲಿಲ್ಲ.

ಅದು ಬಂದದ್ದು ಹಿಂಬಾಗಿಲಿನಿಂದ. ನಮ್ಮ ತಲೆಮಾರು ಚಂದಮಾಮವನ್ನು ಎಲ್ಲರೆದುರು ಓದಿತು, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಸಮಾಜ ಪುಸ್ತಕದೊಳಗೆ ಅಡಗಿಸಿಕೊಂಡು ಓದಿತು. ನಾಲ್ಕನೇ ಕ್ಲಾಸು ಓದಿದ ಈ ಮನುಷ್ಯ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಚಿಕ್ಕ ವಾಕ್ಯ, ಚುರುಕು ಸಂಭಾಷಣೆ, ಕೈಗೆಟುಕುವ ಬೆಲೆ. ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಬರೆದವರೇ. ಕನ್ನಡಕ್ಕೆ ಓದುಗರನ್ನು ದೊರಕಿಸಿದ ಇವರಿಗೆ ವಿಮರ್ಶಕರು ಒಂದು ಪುಟವನ್ನೂ ಮನಸಾರೆ ಕೊಡಲಿಲ್ಲ. ಆಮೇಲೆ ಬಾಲಮಂಗಳದ ಡಿಂಗ ಬಂದ. ಮಲಯಾಳಂನಿಂದ ಬಂದ ಇಲಿ ಅವನು. ಎಲ್ಲಿಂದ ಬಂದನೆಂಬ ಗೊಡವೆಯೇ ಹುಡುಗರಿಗೆ ಇರಲಿಲ್ಲ.

ಆದರೆ ನನ್ನ ಮಟ್ಟಿಗೆ ಕನ್ನಡದ ಅತ್ಯುತ್ತಮ ಪತ್ತೇದಾರಿ 1980ರ ‘ಕರ್ವಾಲೊ’. ತೇಜಸ್ವಿ ಅದನ್ನು ಮಕ್ಕಳಿಗೆಂದು ಬರೆಯಲಿಲ್ಲ. ಹೈಸ್ಕೂಲು ಮಕ್ಕಳು ಕಿತ್ತುಕೊಂಡು ಓದಿದರು. ಇಲ್ಲಿ ಹುಡುಕುವುದು ಕಳ್ಳನನ್ನಲ್ಲ, ಹಾರುವ ಓತಿಯನ್ನು. ವಿಜ್ಞಾನಿ ಕರ್ವಾಲೊ, ಅವರಿಗೇ ದಾರಿ ತೋರುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ಜೊತೆಗೆ ನಾಯಿ ಕಿವಿ. ಕಣ್ಣು ಬಿಟ್ಟು ನೋಡುವುದೇ ಸಾಹಸವೆಂದು ಕಲಿಸಿದ ಪುಸ್ತಕ ಇದು. ಕೊನೆಗೂ ಓತಿ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಉತ್ತರ ಕೊಡದೆ ಮುಗಿಸುವ ಎದೆಗಾರಿಕೆ ನಮ್ಮ ಮಕ್ಕಳ ಲೇಖಕರಿಗೆ ಇನ್ನೂ ಬಂದಿಲ್ಲ. ಬಾಲಸಾಹಿತ್ಯ ಪುರಸ್ಕಾರ ಪಡೆದ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ (2022), ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ (2023) ಇದೇ ಹಾದಿಯವು ಎಂದು ನನ್ನ ಎಣಿಕೆ.

ಕಾಡು ಸಿಕ್ಕಿತು, ನಗರ ಸಿಗಲಿಲ್ಲ. ಬನಶಂಕರಿಯ ಬೀದಿನಾಯಿ, ಜೆ.ಪಿ. ನಗರದ ಮರದ ಬಾವಲಿ ಇವಕ್ಕೆ ನಮ್ಮ ಕಥೆಗಳಲ್ಲಿ ಕೆಲಸವಿಲ್ಲ. ದೊಡ್ಡವರು ವಿದೇಶಕ್ಕೆ ಹೋಗಿ ಬಂದು ‘ಅಪೂರ್ವ ಪಶ್ಚಿಮ’, ‘ಅಮೆರಿಕದಲ್ಲಿ ಗೊರೂರು’ ಬರೆದರು. ನಮ್ಮ ಕಥೆಯ ಪ್ರಾಣಿಗಳಿಗೆ ಮಾತ್ರ ಪಾಸ್‌ಪೋರ್ಟ್ ಸಿಗಲಿಲ್ಲ. ಅತ್ತ ಅಮೆರಿಕದ ಈವ್ ಟೈಟಸ್ 1958ರಲ್ಲಿ ಷರ್ಲಾಕ್ ಹೋಮ್ಸ್ ಮನೆಯ ನೆಲಮಾಳಿಗೆಯಲ್ಲಿ ಬೇಸಿಲ್ ಎಂಬ ಇಲಿಯನ್ನು ನೆಲೆಗೊಳಿಸಿ, ಮುಂದೆ ಮೆಕ್ಸಿಕೊಗೂ ಕಳಿಸಿದರು.

ಕೊರತೆ ಕಲ್ಪನೆಯದಲ್ಲ, ವ್ಯವಸ್ಥೆಯದು. ಪತ್ತೇದಾರನಿಗೆ ಬೇಕಾದದ್ದು ಸರಣಿ. ನರಸಿಂಹಯ್ಯನವರಿಗೆ ಅದು ಗೊತ್ತಿತ್ತು. ಗ್ರಂಥಾಲಯದ ಸಗಟು ಖರೀದಿಯನ್ನೇ ನೆಚ್ಚಿಕೊಂಡ ಪ್ರಕಾಶಕರು ಬಿಡಿ ಪುಸ್ತಕದಾಚೆ ಯೋಚಿಸುವುದು ಕಡಿಮೆ. ಬಹುಮಾನದ ಸಮಿತಿಗಳು ನೀತಿ ಎಲ್ಲಿದೆಯೆಂದು ಕೇಳುವುದನ್ನು ಬಿಟ್ಟಿಲ್ಲ. ಒಬ್ಬ ಪ್ರಕಾಶಕ ಒಬ್ಬ ಲೇಖಕಿಗೆ ಐದು ಪುಸ್ತಕಗಳ ಮುಂಗಡ ಕೊಟ್ಟು, ನೀತಿ ಬೇಡ, ಗುಟ್ಟು ಬೇಕು ಎಂದು ಹೇಳಲಿ. ಆಮದಿನ ಮಾತನ್ನು ಆಮೇಲೆ ಆಡೋಣ.