ಕ್ರೀಡಾ ವೀಕ್ಷಕ ವಿವರಣೆ (ಮಂಡ್ಯ ಸೀಮೆ)

ಮಂಡ್ಯ, ಮದ್ದೂರು, ಮಳವಳ್ಳಿ ಭಾಗದಲ್ಲಿ ಆಟದ ಗತಿಯನ್ನು ಕನ್ನಡದಲ್ಲಿ ಕೇಳುಗರಿಗೆ ಮುಟ್ಟಿಸುವ ಪದ್ಧತಿ. ಬಾನುಲಿ ಮತ್ತು ಊರಿನ ಧ್ವನಿವರ್ಧಕ ಇದರ ಎರಡು ನೆಲೆಗಳು. ನೆರೆಯ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ಖಾಸಗಿ ಪ್ರಸಾರ ಕೇಂದ್ರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದಲೇ. ಕರ್ನಾಟಕ 1973-74ರಲ್ಲಿ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಾಗ ರಾಜ್ಯಕ್ಕೆ ಟಿವಿ ಬಂದಿರಲಿಲ್ಲ. ಆಗ ಕ್ರಿಕೆಟ್ ಸುದ್ದಿಗೆ ರೇಡಿಯೊ, ಪತ್ರಿಕೆಗಳೇ ಆಧಾರ.

ಧ್ವನಿವರ್ಧಕದ ವಿವರಣೆ ಊರಿನ ಕಬಡ್ಡಿಯದು: ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ವಿವರಣೆಗಾರರು ಅಂಕಣದ ಬದಿಯಲ್ಲಿ ಮೈಕ್ ಹಿಡಿದು ರೈಡ್, ಕ್ಯಾಚ್, ಬೋನಸ್ ಅಂಕಗಳ ಜತೆಗೆ ಆಟಗಾರರ ಊರು, ಬಹುಮಾನ ದಾನಿಗಳ ಹೆಸರನ್ನೂ ಸಾರುತ್ತಾರೆ. ಪ್ರೊ ಕಬಡ್ಡಿ ಲೀಗ್ 2014ರಲ್ಲಿ ಆರಂಭವಾಯಿತು. 2018ರ ಕೊನೆಯಲ್ಲಿ ಸ್ಟಾರ್ ಸ್ಪೋರ್ಟ್ಸ್ ಕನ್ನಡ ವಾಹಿನಿ ಬಂದ ಮೇಲೆ ಕನ್ನಡ ವಿವರಣೆ ಟಿವಿಯಲ್ಲೂ ನೆಲೆಯೂರಿತು.