ಊರೆಲ್ಲ ‘ಹೌದು’ ಎಂದಾಗ ‘ಇಲ್ಲ’ ಎಂದ ರೈತ

ಊರಿಗೆ ಊರೇ ಒಂದು ಕಡೆ ನಿಂತಾಗ ಒಬ್ಬನೇ ಇನ್ನೊಂದು ಕಡೆ ನಿಲ್ಲುವುದು ಎಷ್ಟು ಕಷ್ಟ ಅಂತ ಹಳ್ಳಿಯಲ್ಲಿ ಬೆಳೆದ ನಿಮಗೆ ಹೇಳಬೇಕಿಲ್ಲ. ಬೆಳಗಾದರೆ ಅದೇ ಮುಖಗಳನ್ನು ನೋಡಬೇಕು. ಆಸ್ಟ್ರಿಯಾ ದೇಶದ ಸಾಂಕ್ಟ್ ರಾಡೆಗುಂಡ್ ಎಂಬ ಪುಟ್ಟ ಹಳ್ಳಿಯ ಫ್ರಾಂಜ್ ಯೇಗರ್‌ಸ್ಟೆಟರ್ ಹಾಗೆ ನಿಂತ ರೈತ.

ಫ್ರಾಂಜ್ ಹುಟ್ಟಿದ್ದು 1907ರಲ್ಲಿ. ವಯಸ್ಸಿನಲ್ಲಿ ಹುಡುಗಾಟದವನೇ. ಆ ಊರಿಗೆ ಮೊದಲು ಮೋಟಾರ್ ಸೈಕಲ್ ತಂದವನೂ ಅವನೇ. 1936ರಲ್ಲಿ ಫ್ರಾಂಜಿಸ್ಕಾ ಎಂಬಾಕೆಯನ್ನು ಮದುವೆಯಾದ. ಮೂವರು ಹೆಣ್ಣುಮಕ್ಕಳಾದರು. ಹೊಲ, ದನ, ಮನೆ, ಚರ್ಚು ಇಷ್ಟೇ ಅವನ ಬದುಕು.

1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ಜರ್ಮನಿಗೆ ಸೇರಿಸಿಕೊಂಡ. ಏಪ್ರಿಲ್ 10ರಂದು ಅದಕ್ಕೆ ಒಪ್ಪಿಗೆ ಪಡೆಯಲು ಮತದಾನ ನಡೆಯಿತು. ದೇಶದ ಬಿಷಪ್‌ಗಳೇ ‘ಹೌದು’ ಅನ್ನಿ ಎಂದಿದ್ದರು. ಆ ಊರಿನಲ್ಲಿ ‘ಇಲ್ಲ’ ಎಂದವನು ಫ್ರಾಂಜ್ ಒಬ್ಬನೇ.

ಮರುವರ್ಷ ಯುದ್ಧ ಶುರುವಾಯಿತು. ಹಿಟ್ಲರನ ಸೈನ್ಯ ಸೇರಿದವರು ಒಂದು ಪ್ರಮಾಣ ಮಾಡಬೇಕಿತ್ತು. ಆಣೆ ದೇವರ ಹೆಸರಿನಲ್ಲಿ, ವಿಧೇಯತೆ ಮಾತ್ರ ಹಿಟ್ಲರನಿಗೆ! ಸೈನಿಕ ತರಬೇತಿ ಮುಗಿಸಿ ಬಂದ ಫ್ರಾಂಜ್, ಮತ್ತೆ ಕರೆ ಬಂದರೆ ಬಂದೂಕು ಹಿಡಿಯುವುದಿಲ್ಲ ಎಂದು ತೀರ್ಮಾನಿಸಿದ.

ಇಲ್ಲಿ ಕ್ರೈಸ್ತರ ಒಂದು ಹಳೆಯ ಪ್ರಶ್ನೆ ಎದುರಾಗುತ್ತದೆ. ಆಳುವವರಿಗೆ ಅಧೀನರಾಗಿರಿ ಎಂದು ಪೌಲನು ರೋಮಿನವರಿಗೆ ಬರೆದ ಪತ್ರ ಹೇಳುತ್ತದೆ. ಮನುಷ್ಯರ ಮಾತಿಗಿಂತ ದೇವರ ಮಾತು ದೊಡ್ಡದು ಎಂದು ಪೇತ್ರನು ಅಧಿಕಾರಿಗಳ ಎದುರೇ ಹೇಳಿದ್ದೂ ಅದೇ ಬೈಬಲಿನಲ್ಲಿದೆ. ಎರಡೂ ಒಂದಕ್ಕೊಂದು ಅಡ್ಡ ಬಂದರೆ ಯಾವುದಕ್ಕೆ ತಲೆಬಾಗಬೇಕು?

ಫ್ರಾಂಜ್ ಲಿಂಜ್ ನಗರದ ಬಿಷಪ್ಪರನ್ನೇ ಹೋಗಿ ಕೇಳಿದ. ಸರ್ಕಾರ ಮಾಡುವುದಕ್ಕೆ ಪ್ರಜೆ ಹೊಣೆಯಲ್ಲ, ನಿನಗೆ ಹೆಂಡತಿ ಮಕ್ಕಳಿದ್ದಾರೆ ನೋಡಿಕೋ ಎಂಬ ಉತ್ತರ ಬಂತು. ಆ ಮಾತು ಫ್ರಾಂಜ್‌ಗೆ ಒಪ್ಪಿಗೆಯಾಗಲಿಲ್ಲ. ಅನ್ಯಾಯದ ಯುದ್ಧ ಅಂತ ಗೊತ್ತಿದ್ದೂ ಕೊಲ್ಲಲು ಹೋದರೆ ಆ ಪಾಪಕ್ಕೆ ತಾನೇ ಉತ್ತರ ಕೊಡಬೇಕು ಎಂಬುದು ಅವನ ನಂಬಿಕೆ. ಹೆಂಡತಿ ಮೊದಮೊದಲು ಬೇಡ ಎಂದಳು. ಊರೆಲ್ಲ ಎದುರಾದಾಗ, ತಾನೂ ಕೈಬಿಟ್ಟರೆ ಅವನಿಗೆ ಯಾರೂ ಇರುವುದಿಲ್ಲ ಎಂದು ಜೊತೆಗೆ ನಿಂತಳು.

1943ರ ಮಾರ್ಚ್‌ನಲ್ಲಿ ಕರೆ ಬಂದ ಕಡೆ ಹಾಜರಾಗಿ, ಹೋರಾಡುವುದಿಲ್ಲ ಎಂದ. ಗಾಯಾಳುಗಳ ಆರೈಕೆ ಮಾಡುತ್ತೇನೆ ಎಂದರೂ ಕೇಳಲಿಲ್ಲ. ಜುಲೈ 6ರಂದು ಬರ್ಲಿನ್‌ನಲ್ಲಿ ಮರಣದಂಡನೆ ವಿಧಿಸಿದರು. ಆಗಸ್ಟ್ 9ರಂದು ತಲೆ ಕಡಿದರು. ಅವನಿಗೆ ಆಗ 36 ವರ್ಷ.

ಮೂರು ಪುಟ್ಟ ಮಕ್ಕಳನ್ನು ಬಿಟ್ಟು ಹೋಗಿದ್ದು ಸರಿಯೇ? ಈ ಪ್ರಶ್ನೆಯನ್ನು ಊರಿನವರು ಕೇಳಿದರು, ನೀವೂ ಕೇಳಬಹುದು. ಅದರ ಭಾರ ಹೊತ್ತವಳು ಫ್ರಾಂಜಿಸ್ಕಾ. ಗಂಡ ಹೀಗಾಗಲು ನೀನೇ ಕಾರಣ ಎಂದು ಜನ ಆಡಿಕೊಂಡರು. ಯುದ್ಧದಲ್ಲಿ ಸತ್ತವರ ಹೆಂಡತಿಯರಿಗೆ ಸಿಗುತ್ತಿದ್ದ ಪಿಂಚಣಿ ಈಕೆಗೆ ಸಿಕ್ಕಿದ್ದು 1950ರಲ್ಲಿ. ಅಲ್ಲಿಯವರೆಗೂ ಹೊಲ ಗೇದು ಮಕ್ಕಳನ್ನು ಸಾಕಿದಳು.

1964ರಲ್ಲಿ ಅಮೆರಿಕದ ಗಾರ್ಡನ್ ಜಾನ್ ಪುಸ್ತಕ ಬರೆದ ಮೇಲೆ ಹೊರಜಗತ್ತು ಫ್ರಾಂಜ್ ಹೆಸರು ಕೇಳಿತು. 1997ರಲ್ಲಿ ಬರ್ಲಿನ್ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದು ಮಾಡಿತು. 2007ರ ಅಕ್ಟೋಬರ್ 26ರಂದು ಲಿಂಜ್‌ನಲ್ಲೇ ಚರ್ಚು ಅವನನ್ನು ‘ಧನ್ಯ’ ಎಂದು ಘೋಷಿಸಿತು. ಸಂತ ಪದವಿಗೆ ಅದು ಹಿಂದಿನ ಮೆಟ್ಟಿಲು. 94 ವರ್ಷದ ಫ್ರಾಂಜಿಸ್ಕಾ ಅಲ್ಲಿ ಕುಳಿತು ನೋಡಿದಳು.

ಆ ಊರಿನಲ್ಲಿ ದೇವರನ್ನು ನಂಬದವರು ಯಾರೂ ಇದ್ದಿರಲಾರರು. ಎಲ್ಲರೂ ಅದೇ ಚರ್ಚಿಗೆ ಹೋಗುತ್ತಿದ್ದರು, ಎಲ್ಲರೂ ವಿಧೇಯರೇ. ಯಾರಿಗೆ ವಿಧೇಯರು ಎಂದು ಬಾಯಿಬಿಟ್ಟು ಕೇಳಿದವನು ಮಾತ್ರ ಒಬ್ಬ ರೈತ.